ಬೀಗಿತ್ತಿಯರ ಹಾಡಿಗೆ ಬಿದ್ದ ಗಂಟೆ

ಯೊಸು ಬಂದರು
೧೪ ಅಕ್ಟೋಬರ್ ೨೦೦೧

ನನ್ನ ಪುಟ್ಟ ಹೇರಿಮ್‌ಗೆ,

ಹೇಗಿದ್ದೀಯ ಮಗಳೇ? ಸೊಂಟನೋವು ಇಳಿಯಿತೇ? ಜೇಜು ದ್ವೀಪದ ಗಾಳಿ ಮಗುವಿಗೆ ಒಗ್ಗಿದೆಯೇ? ಕಡಲಪಾಚಿಯ ಸಾರು ಸಾಕಾಯಿತೆಂದು ಮೂಗು ಮುರಿಯಬೇಡ, ಬಾಣಂತಿಗೆ ಅದೇ ಮದ್ದು. ನಾನು ಚೆನ್ನಾಗಿದ್ದೇನೆ. ಅಂದರೆ, ನಿನ್ನೆ ಸಂಜೆಯವರೆಗೆ ಚೆನ್ನಾಗಿದ್ದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಮ್ಮ ಮನೆಯ ಹೆಂಗಸರು ಫೋನಿನಲ್ಲಿ ನನಗೆ ಒಂದು ವಾಕ್ಯ ಮುಗಿಸಲು ಬಿಟ್ಟದ್ದು ನೆನಪಿಲ್ಲ.

ಅಮ್ಮನೂ ಅತ್ತೆಯೂ ರಾಜಿಯಾಗಿ ಒಟ್ಟಿಗೆ ಬಂದರೆ ಮಾತ್ರ ಮಗುವಿನ ನೂರನೇ ದಿನದ ಊಟ, ಇಲ್ಲದಿದ್ದರೆ ಊಟವೂ ಇಲ್ಲ ಗೀಟವೂ ಇಲ್ಲ ಎಂದು ಹಟ ಹಿಡಿದು, ಆ ಭಾರವನ್ನು ನನ್ನ ತಲೆಗೆ ಕಟ್ಟಿದೆಯಲ್ಲ, ಪುಣ್ಯಾತ್ಗಿತ್ತಿ! ನಿನ್ನ ಮದುವೆಯಲ್ಲಿ ಅಮ್ಮ ಹಾಡುತ್ತಿದ್ದಾಗ ನಿನ್ನ ಅತ್ತೆ ಎದ್ದು ನಿಂತು, "ಅಯ್ಯೋ, ಬೀಗಿತ್ತಿಗೆ ಗಂಟಲು ಕಟ್ಕೊಂಡಿದೆ, ಯಾರಾದ್ರೂ ಶುಂಠಿ ಕಷಾಯ ತನ್ರಪ್ಪಾ" ಎಂದರಲ್ಲ, ಅಂದಿನಿಂದ ಮಾತಿಲ್ಲ. ಎರಡು ಬೀದಿಯಾಚೆ ಮನೆ, ಎರಡು ವರ್ಷದ ಮುನಿಸು. ಪಾಪ, ಆಕೆ ನಿಜವಾಗಿಯೂ ನೆಗಡಿ ಎಂದೇ ತಿಳಿದಿದ್ದರು. ಚರ್ಚಿನ ಹಾಡು ಬಿಟ್ಟು ಬೇರೇನೂ ಕಿವಿಗೆ ಹಾಕಿಕೊಂಡವರಲ್ಲ.

ಆದರೆ ಅಮ್ಮನ ಆ ಒಡಕು ಗಂಟಲೇ ತಾನೇ ನಮಗೆ ಅನ್ನ ಹಾಕಿದ್ದು! ಸಂತೆಯಲ್ಲಿ ಒಣಮೀನು ಕೂಗಿ ಮಾರಿ ಒಡೆದ ಗಂಟಲು. ಮೊದಲ ಸಲ ರಾಜಧಾನಿ ಸೋಲ್‌ಗೆ ಅವಳನ್ನು ಕರೆದೊಯ್ದಾಗ ರೆಕಾರ್ಡು ಕಂಪನಿಯವರು, "ಜೇನು ಕುಡಿದು, ಗುಣ ಆದ್ಮೇಲೆ ಬಾಮ್ಮ" ಎಂದು ಕಳಿಸಿದ್ದರು. ಇವಳು ಜೇನು ಕುಡಿದಳು, ಮರುವಾರ ಹೋದಳು, ಅದೇ ಗಂಟಲು! ಕೊನೆಗೆ ಹೆದ್ದಾರಿಯ ಅಂಗಡಿಗಳಲ್ಲಿ ಕ್ಯಾಸೆಟ್ ಇಟ್ಟು ಮಾರಿದೆವು. ಲಾರಿ ಡ್ರೈವರುಗಳು ಮುಗಿಬಿದ್ದರು. "ಮಾಲ್‌ಸುನ್ ಅಕ್ಕ ಹಾಡ್ತಿದ್ರೆ ನಿದ್ದೆ ಹತ್ರಾನೂ ಸುಳಿಯಲ್ಲ" ಎನ್ನುತ್ತಿದ್ದರು. ಅದನ್ನು ಹೊಗಳಿಕೆಯೆಂದೇ ನಿನ್ನಮ್ಮ ಇಂದಿಗೂ ಎಲ್ಲ ಸಂದರ್ಶನಗಳಲ್ಲಿ ಹೇಳುತ್ತಾಳೆ. ಟಿವಿ ಬಂತು, ಸಿ.ಡಿ. ಬಂತು, ಬಳುಕುವ ಹುಡುಗಿಯರು ಬಂದರು, ಹೋದರು. ಯಾರ ಮನೆಯಲ್ಲಿ ಎಪ್ಪತ್ತರ ಹುಟ್ಟುಹಬ್ಬವಾದರೂ ಇವಳ ‘ಉಪ್ಪು ಗಾಳಿ’ ಹಾಡು ಬೇಕೇ ಬೇಕು.

ನಿನ್ನೆ ಮೀನುಪೇಟೆಯ ಹಾಡಿನ ಸ್ಪರ್ಧೆ ಇತ್ತು, ಅಮ್ಮನೇ ಮುಖ್ಯ ಅತಿಥಿ. ಹಾಡು ಕೆಟ್ಟರೆ ನಡುವೆಯೇ ಗಂಟೆ ಹೊಡೆದು ಕೆಳಗಿಳಿಸುತ್ತಾರೆ, ನಿನಗೆ ಗೊತ್ತಲ್ಲ. ಸ್ಪರ್ಧಿಗಳ ಸಾಲಿನಲ್ಲಿ ನೋಡುತ್ತೇನೆ, ಕೆಂಪು ರೇಷ್ಮೆ ಉಟ್ಟು ನಿನ್ನ ಅತ್ತೆ! ಗಂಟೆಯ ಸುತ್ತಿಗೆ ಅಮ್ಮನ ಕೈಗೆ ಸಿಕ್ಕರೆ ನಿನ್ನ ಊಟದ ಕಥೆ ಮುಗಿಯಿತು ಎಂದು, ಪೇಟೆ ಸಂಘದವರ ಕೈಕಾಲು ಹಿಡಿದು ಅದನ್ನು ನಾನೇ ಇಸಿದುಕೊಂಡೆ. ಅತ್ತೆ ಹಾಡಿದ್ದೇನು ಗೊತ್ತೇ? ‘ಉಪ್ಪು ಗಾಳಿ’ಯನ್ನೇ! ಎಷ್ಟು ನುಣುಪಾಗಿ ಎಂದರೆ, ಮುಂದಿನ ಸಾಲಿನ ಮುದುಕರು ಪ್ರಾರ್ಥನೆಯೆಂದು ತಲೆ ತಗ್ಗಿಸಿ ಕೂತರು. "ನನ್ನ ಹಾಡಿಗೆ ಇಸ್ತ್ರಿ ಹಾಕ್ತಿದ್ದಾಳೆ ನೋಡ್ರೀ!" ಎಂದವಳೇ ಅಮ್ಮ ವೇದಿಕೆಗೆ ನುಗ್ಗಿ ಮೈಕು ಕಿತ್ತುಕೊಂಡಳು. "ಅಲ್ಲಿ ಗಂಟಲು ಒಡೀಬೇಕು ಬೀಗಿತ್ತೀ, ಒಡೀರಿ!"

ನಾನು ಕಣ್ಣು ಮುಚ್ಚಿಕೊಂಡೆ. ಆಗ ಅತ್ತೆಯ ದನಿ ಕೇಳಿಸಿತು. "ಎರಡು ವರ್ಷದಿಂದ ಕೂತು ಕಲೀತಿದ್ದೀನಿ ಕಣ್ರೀ, ಒಡೆಯೋಕೆ ಬರ್ತಾನೇ ಇಲ್ಲ. ಅವತ್ತು ಅಂದಿದ್ದು ತಪ್ಪಾಯ್ತು ಅಂತ ಹೇಳೋಕೆ ನನಗೆ ಬೇರೆ ದಾರಿ ಹೊಳೀಲಿಲ್ಲ."

ನಿನ್ನಮ್ಮ ಕಿತ್ತುಕೊಂಡಿದ್ದ ಮೈಕನ್ನು ಇಬ್ಬರ ನಡುವೆ ಹಿಡಿದಳು. ಆಮೇಲೆ ಬೀಗಿತ್ತಿಯ ಕೈ ಹಿಡಿದು ತಾನೇ ಪಲ್ಲವಿ ಎತ್ತಿಕೊಂಡಳು. ಅವರೂ ಸೇರಿಕೊಂಡರು. ಒಡಕು ದನಿ, ನುಣುಪು ದನಿ, ಎರಡೂ ಒಟ್ಟಿಗೆ. ಅಷ್ಟರಲ್ಲಿ ನನ್ನ ಕೈಯ ಸುತ್ತಿಗೆ ಜಾರಿ ಗಂಟೆಯ ಮೇಲೆ ಬಿತ್ತು. ಟಂಗ್!

ನಿಯಮ ಅಂದ್ರೆ ನಿಯಮ, ಇಳೀರಿ ಅಂದರು ಸಂಘದವರು. "ಇಷ್ಟು ವರ್ಷದಲ್ಲಿ ನನಗೆ ಗಂಟೆ ಹೊಡೆದ ಗಂಡಸು ಇವರೊಬ್ರೇ! ಹಾಡ್ತಿದ್ರೆ ತೂಕಡಿಸ್ತಾರೆ!" ಎಂದು ಅಮ್ಮ ಕೂಗಾಡಿದಳು. "ನಮ್ಮನೆಯವರೂ ಹೀಗೇ ರೀ" ಎಂದರು ನಿನ್ನ ಅತ್ತೆ. ತೋಳಿಗೆ ತೋಳು ಸೇರಿಸಿಕೊಂಡು, ನನ್ನನ್ನು ಬೈದುಕೊಂಡು, ಒಂದೇ ಟ್ಯಾಕ್ಸಿ ಹತ್ತಿ ಹೋದವರು ಇನ್ನೂ ಮನೆ ಸೇರಿಲ್ಲ. ನಾನು ತಂಗಳನ್ನಕ್ಕೆ ಕಿಮ್ಚಿ ಕಲಸಿ ತಿಂದೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಮಗುವಿಗೆ ನೂರು ದಿನವಲ್ಲ, ನೂರು ವರ್ಷ ತುಂಬಲಿ.

ನಿನ್ನ ಅಪ್ಪ,
ಚೊನ್ ಗಿಲ್‌ಬೇ

ತಾ.ಕ.: ಈಗಷ್ಟೇ ಪಕ್ಕದ ಮನೆಯವರು ಬಂದು ಹೇಳಿದರು, ಇಬ್ಬರೂ ಬೆಳಗಿನ ಹಡಗಿಗೇ ನಿನ್ನಲ್ಲಿಗೆ ಹೊರಟರಂತೆ! ಊಟ ಇನ್ನೂ ಹತ್ತು ದಿನವಿದೆ, ಆದರೂ ತಡೆಯಲಾಗಲಿಲ್ಲವಂತೆ. ಈ ಕಾಗದ ಮುಟ್ಟುವಷ್ಟರಲ್ಲಿ ಅವರ ಕಡೆಯ ಕಥೆ ನಿನಗೆ ಬಾಯಿಪಾಠವಾಗಿರುತ್ತದೆ. ನಂಬಬೇಡ ಮಗಳೇ. ನಾನು ತೂಕಡಿಸುತ್ತಿರಲಿಲ್ಲ. ನಿನ್ನಮ್ಮನ ಆ ದನಿ ಕೇಳಿದರೆ ಇಂದಿಗೂ ನನಗೆ ಅಳು ತಡೆಯುವುದಿಲ್ಲ. ಕಣ್ಣೊರೆಸಿಕೊಳ್ಳಲು ಎರಡು ಕೈಯೂ ಬೇಕಾದವು.