ಮಸುಕಾಗಿ ಬಂದ ಚಿತ್ರಗಳು

ಪ್ರೀತಿಯ ಅಪ್ಪನಿಗೆ,

ನೀವು ಕಳಿಸಿದ ಕಪ್ಪು-ಬಿಳುಪು ರೀಲನ್ನು ತೊಳೆದು ಮನೆಯಲ್ಲೇ ಸ್ಕ್ಯಾನ್ ಮಾಡಿದೆ. ನೀವು ಕಣ್ಣಳತೆಯಲ್ಲಿ ಫೋಕಸ್ ತಿರುಗಿಸಿ ತೆಗೆದ ಚಿತ್ರಗಳೆಲ್ಲ ಮಸುಕಾಗಿವೆ. ಸ್ಕ್ಯಾನರಿನ ಗಾಜು ಒರೆಸಿ ಮತ್ತೆ ಮತ್ತೆ ನೋಡಿದೆ. ಅದೇ ರೀಲಿನಲ್ಲಿ ನಾನು ತೆಗೆದ ನಿಮ್ಮ ಚಿತ್ರದಲ್ಲಿ ಮಾತ್ರ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ಅಮ್ಮ ಫೋನಿನಲ್ಲಿ, "ಫೋಟೋ ಹೇಗೆ ಬಂತು ಅಂತ ಅಪ್ಪ ಪ್ರಾಣ ತಿಂತಿದಾರೆ ಕಣೆ," ಎಂದಳು.

"ಪ್ರಿಂಟ್ ಇನ್ನೂ ಒಣಗ್ತಿದೆ," ಅಂದುಬಿಟ್ಟೆ.

ಸೋಮವಾರ ಬರುತ್ತೇನೆ, ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ಅಲ್ಲಿಯವರೆಗೆ ಶಾಲೆಯ ಬಸ್ಸನ್ನು ಬೇರೆ ಡ್ರೈವರ್ ಓಡಿಸಲಿ, ದಮ್ಮಯ್ಯ. ಸಿಟ್ಟು ಬಂದರೆ ನನ್ನನ್ನೇ ಬೈಯಿರಿ. ಅಮ್ಮನಿಗೆ ನೀವೇ ಹೇಳುವಿರಂತೆ. ಈ ಪತ್ರವನ್ನು ಅವಳ ಕೈಲಿ ಓದಿಸಬೇಕಾಗಬಾರದೆಂದು ಅಕ್ಷರಗಳನ್ನು ದೊಡ್ಡದಾಗಿ ಬರೆದಿದ್ದೇನೆ.

ನಿಮ್ಮ ಮಗಳು