ಮೆಟ್ಟಿಲ ಬುಡದ ಎರಡು ಹಸಿರು ಟೈಲ್ಸ್

ಸ್ಮೃತಿಭವನದ ನಿರ್ದೇಶಕರಿಗೆ,
ವಾಲ್ಪರೈಸೊ, ಚಿಲಿ

ನೆಲದ ಬಗ್ಗೆ ಅಪಾರ ಕಾಳಜಿಯುಳ್ಳ ಮಾನ್ಯರೇ,

ಸಂದರ್ಶಕರ ಕಾಲು ಜಾರಬಾರದೆಂದು ತಾವು ಸ್ಮೃತಿಭವನದ ನೆಲಕ್ಕೆಲ್ಲ ಮರದ ಹಲಗೆ ಹೊದಿಸಿದ್ದೀರಿ. ಆ ಮನೆಯಲ್ಲಿ ಯಾರದೋ ಕಾಲಿನ ಬಗ್ಗೆ ಯಾರೋ ಚಿಂತಿಸಿದ್ದು ಇದೇ ಮೊದಲು, ವಂದನೆಗಳು. ಆದರೆ ಆ ಹಲಗೆಗಳ ಕೆಳಗೆ ನನ್ನ ಅಕ್ಕನ ಸಾಕ್ಷ್ಯವಿದೆ.

ಸೈನಿಕ ಆಡಳಿತದ ಕಾಲದಲ್ಲಿ ಅಕ್ಕ ಎರ್ಸಿಲಿಯಾಳನ್ನು, ಆಗ ಸೇನೆಯ ಗುಪ್ತ ಸೆರೆಮನೆಯಾಗಿದ್ದ ಆ ಮನೆಯಲ್ಲಿ, ಹತ್ತೊಂಬತ್ತು ದಿನ ಕಣ್ಣು ಕಟ್ಟಿ ಕೂಡಿಹಾಕಿದ್ದರು. ಆಕೆ ಗೋಡೆ ಕಂಡಿಲ್ಲ, ಮುಖ ಕಂಡಿಲ್ಲ. ಕಣ್ಣುಪಟ್ಟಿಯ ಕೆಳಗಿನ ಸಂದಿಯಿಂದ ಕಂಡದ್ದು ಒಂದು ಹಸಿರು, ಒಂದು ಬಿಳಿಯಂತೆ ಸಾಗುವ ಟೈಲ್ಸ್ ಮಾತ್ರ. ಮೆಟ್ಟಿಲ ಬುಡದಲ್ಲಿ, ಗಾರೆಯವನ ಎಡವಟ್ಟಿನಿಂದ, ಎರಡು ಹಸಿರು ಟೈಲ್ಸ್ ಅಕ್ಕಪಕ್ಕ ಕೂತಿದ್ದವು. ಆಕೆಯನ್ನು ಕೂಡಿಹಾಕಿದ ಆರೋಪಿಗಳ ವಕೀಲರು ಈಗ ನ್ಯಾಯಾಲಯದಲ್ಲಿ ‘ಆಕೆ ಹೇಳುವ ಮನೆಯೇ ಬೇರೆ’ ಎನ್ನುತ್ತಿದ್ದಾರೆ. ಬರುವ ಗುರುವಾರ ನ್ಯಾಯಾಧೀಶರು ಸ್ಥಳ ಪರಿಶೀಲನೆಗೆ ಬರುತ್ತಾರೆ. ಅಕ್ಕ ಏನನ್ನು ಗುರುತಿಸಬೇಕು? ತಮ್ಮ ವಾರ್ನಿಷನ್ನೇ?

ಕಳೆದ ಶನಿವಾರ ತಮ್ಮ ಮಾರ್ಗದರ್ಶಿಯೊಡನೆ ಸುತ್ತುವ ಗುಂಪಿನಲ್ಲಿ ನಾವಿಬ್ಬರೂ ಇದ್ದೆವು. ಮೆಟ್ಟಿಲ ಬಳಿ ತಲೆತಗ್ಗಿಸಿ ನಿಂತ ಅಕ್ಕನನ್ನು ಆ ಹುಡುಗಿ ಗಮನಿಸಿದಳು.

“ಅಜ್ಜಿ, ಮೇಲೆ ನೋಡಿ. ಎಲ್ಲಾ ಗೋಡೆ ಮೇಲೇ ಇದೆ.”

“ನಾನಿದ್ದಾಗ ಮೇಲೆ ನೋಡಿದ್ರೆ ಒದೀತಿದ್ರು ಮಗಳೇ. ನೆಲ ಎಲ್ಲಿ?”

“ಅದೂ ಗೋಡೆ ಮೇಲೇ ಇದೆಯಲ್ಲ.”

ನಿಜ. ನೆಲದ ಛಾಯಾಚಿತ್ರಕ್ಕೆ ಚೌಕಟ್ಟು ಹಾಕಿ, ‘ಮುಟ್ಟಬೇಡಿ’ ಎಂಬ ಫಲಕದೊಡನೆ ತೂಗುಹಾಕಿದ್ದೀರಿ. ಅದರಲ್ಲಿ ಅಕ್ಕನ ಎರಡು ಹಸಿರು ಟೈಲ್ಸ್‌ಗಳಲ್ಲಿ ಒಂದು ಬಿಳಿಯಾಗಿತ್ತು.

“ಡಿಸೈನ್ ಮಾಡಿದವ್ರು ಫೋಟೋದಲ್ಲಿ ಸರಿ ಮಾಡಿದ್ರು ಅಜ್ಜಿ. ಕಣ್ಣಿಗೆ ಚುಚ್ತಿತ್ತಂತೆ.”

“ನಂಗೆ ಐವತ್ತು ವರ್ಷದಿಂದ ಚುಚ್ತಿದೆ. ನನ್ನನ್ನ್ಯಾರೂ ಸರಿ ಮಾಡ್ಲಿಲ್ಲ ನೋಡು.”

ಮೂವತ್ತಾರು ವರ್ಷ ಕೆಂಪು ಶಾಯಿಯಲ್ಲಿ ಮಕ್ಕಳ ತಪ್ಪು ತಿದ್ದಿದವಳು ನಾನು. ಒಂದು ತಪ್ಪನ್ನು ತಪ್ಪಾಗಿಯೇ ಉಳಿಸಿಕೊಡಿ ಎಂದು ಅಂಗಲಾಚುವ ದಿನ ಬಂದೀತೆಂದು ಎಣಿಸಿರಲಿಲ್ಲ. ನಮ್ಮ ಮನವಿಗೆ ತಮ್ಮ ಕಚೇರಿ ಕೊಟ್ಟ ಉತ್ತರವಾದರೂ ಏನು? ಹಲಗೆ ತೆಗೆಯಲು ತೊಂಬತ್ತು ದಿನ ಬೇಕು. ಅಷ್ಟರಲ್ಲಿ ಸಾಕ್ಷಿದಾರರು ಸಂದರ್ಶಕರ ಪುಸ್ತಕದಲ್ಲಿ ‘ತಮ್ಮ ಭೇಟಿ ಆಹ್ಲಾದಕರವಾಗಿತ್ತೇ’ ಎಂಬ ಪ್ರಶ್ನೆಗೆ ಉತ್ತರಿಸಬಹುದು. ಯಾವ ಭೇಟಿ, ಮಾನ್ಯರೇ? ಮೊದಲನೆಯದೋ, ಶನಿವಾರದ್ದೋ?

ಇಡೀ ನೆಲ ನಮಗೆ ಬೇಡ. ಗುರುವಾರದೊಳಗೆ ಮೆಟ್ಟಿಲ ಬುಡದಲ್ಲಿ ಎರಡು ಗೇಣಿನಷ್ಟು ಹಲಗೆ ಎಬ್ಬಿಸಿಕೊಡಿ. ಕಣ್ಣುಪಟ್ಟಿಯ ಕೆಳಗಿನಿಂದ ಆಕೆಗೆ ಕಂಡಿದ್ದೂ ಅಷ್ಟೇ.

ಇಂತಿ,
ತಲೆಯೆತ್ತಿ ನಡೆಯಿರೆಂದು ಮಕ್ಕಳಿಗೆ ಬೋಧಿಸಿ, ಈಗ ಅಕ್ಕನ ಪರವಾಗಿ ತಲೆತಗ್ಗಿಸಲು ಅನುಮತಿ ಬೇಡುತ್ತಿರುವ
ನೋಲ್ಫಾ ಅರಾನ್ಸಿಬಿಯಾ
ನಿವೃತ್ತ ಶಿಕ್ಷಕಿ