ಏಳು ಡ್ರಮ್ಮುಗಳಿಗೆ ಹೊಟ್ಟು

ಮುದ್ದಿನ ಅಪ್ಪನಿಗೆ,

ಬೀಗ ಬೀಳಲಿಲ್ಲ ಅಪ್ಪಾ! ನಮ್ಮತ್ತೆ ಜಾಮ್ ಮಾಡುವ ಕೋಣೆ ಉಳಿಯಿತು, ನಿನ್ನೆ ಹೆಲ್ತ್ ಇನ್ಸ್‌ಪೆಕ್ಟರ್ ರುಜು ಹಾಕಿ ಹೋದರು. ಉಳಿಸಿದವರು ನೀವು, ನಿಮಗದು ಗೊತ್ತೇ ಇಲ್ಲ.

ಮದುವೆಯಾಗಿ ಎರಡನೇ ತಿಂಗಳಿಗೇ ಅತ್ತೆ ನನ್ನನ್ನು ಬೀದಿಯವರೆದುರು ನಿಲ್ಲಿಸಿದ್ದರು. "ನಮ್ಮ ಸೊಸೆ ಇದನ್ನೇ ಓದಿದೋಳು, ಕಸಾನ ಗೊಬ್ಬರ ಮಾಡೋದು ಹೇಳ್ಕೊಡ್ತಾಳೆ." ಮನೆಯಲ್ಲೇ ತಿಂಡಿ ಮಾಡಿ ಮಾರುವ ಬ್ರೆಡ್ಡಿನವರು, ಜ್ಯೂಸಿನವರು, ಚಿಪ್ಸಿನವರು, ನಾವೂ ಸೇರಿ ಏಳು ಮನೆಯವರು ಕಸಕ್ಕೆ ಒಂದೊಂದು ಡ್ರಮ್ಮು ಇಟ್ಟುಕೊಂಡು ಕೂತರು. ನಾನು ಇಂಗ್ಲಿಷ್ ಟಿಪ್ಪಣಿ ಹಿಡಿದು ಹಾರಾಡಿದ್ದೇ ಹಾರಾಡಿದ್ದು. ಹಸಿ ಸಿಪ್ಪೆಯ ಮೇಲೆ ಒಣ ಎಲೆ ಹರಡಬೇಕು ಎಂದಾಗ ಬ್ರೆಡ್ಡಿನ ಅಜ್ಜಿ ಕೇಳಿದರು: "ಈ ಬೀದೀಲಿ ಮರವೇ ಇಲ್ವಲ್ಲಮ್ಮ, ಎಲೆ ಎಲ್ಲಿಂದ ತರೋದು?" ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಪರವಾಗಿಲ್ಲ, ಮುಚ್ಚಳ ಬಿಗಿಯಾಗಿ ಮುಚ್ಚಿ" ಅಂದುಬಿಟ್ಟೆ.

ಹತ್ತೇ ದಿನ. ಏಳು ಡ್ರಮ್ಮೂ ಕೊಳೆತು ನಾರಿ, ಹುಳುಗಳು ಗೋಡೆ ಹತ್ತಿದವು. ದೂರು ಹೋಯಿತು. ಇನ್ಸ್‌ಪೆಕ್ಟರ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ, ಐದು ದಿನದಲ್ಲಿ ಸರಿಯಾಗದಿದ್ದರೆ ಏಳಕ್ಕೂ ಬೀಗ ಎಂದರು. ಅತ್ತೆ, "ನಾವೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಸಾರ್" ಎಂದು ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಆಗ ನಿಮ್ಮ ಮರಗೆಲಸದ ಶೆಡ್ಡು ನೆನಪಾಯಿತು. ಅಂಟು ಚೆಲ್ಲಲಿ, ಚಹಾ ಚೆಲ್ಲಲಿ, ನಿಮ್ಮದು ಒಂದೇ ಮಾತು: "ಒಂದು ಹಿಡಿ ಹೊಟ್ಟು ಹಾಕು ಪುಟ್ಟಿ, ಕುಡ್ಕೊಳ್ಳುತ್ತೆ." ಅದೇ ಹೊಟ್ಟು ನಿಮ್ಮ ಅಂಗಿಗೆ ಅಂಟಿತ್ತೆಂದು ಶಾಲೆಯ ಗೇಟಿನಲ್ಲಿ ಗೆಳತಿಯರೆದುರು ನಿಮ್ಮನ್ನು ಅರಿಯದವಳಂತೆ ದಾಟಿ ಹೋಗಿದ್ದೆ. ನೀವು ನೋಡಿದಿರಿ. ಯಾಕೆಂದು ಒಂದು ದಿನವೂ ಕೇಳಲಿಲ್ಲ.

ಮನೆಮನೆಗೆ ಹೋಗಿ ತಪ್ಪು ನನ್ನದು ಅಂದೆ. ಬ್ರೆಡ್ಡಿನ ಅಜ್ಜಿ, "ಆವತ್ತೇ ಗೊತ್ತಿಲ್ಲ ಅಂದಿದ್ರೆ ನಮ್ ಮೂಗು ಉಳೀತಿತ್ತು" ಎನ್ನುತ್ತಲೇ ತೋಳು ಮಡಚಿ ಕೆಲಸಕ್ಕೆ ನಿಂತರು. ಮರದ ಪೆಟ್ಟಿಗೆ ಮಾಡುವವರಲ್ಲಿ ಬೇಡಿ ತಂದ ಹೊಟ್ಟನ್ನು ಕಲಸಿದೆವು, ಡ್ರಮ್ಮಿಗೆ ಗಾಳಿ ತೂತು ಕೊರೆದೆವು, ದಿನಾ ಮಗುಚಿದೆವು. ಗುದ್ದಲಿ ಸಾಲದೆ ನಿಮ್ಮ ಅಳಿಯ ಕೈಯಿಂದಲೇ ಮಗುಚಿದರು, ಎಷ್ಟು ಒಳ್ಳೆಯವರು ಗೊತ್ತಾ. ನಿನ್ನೆ ಇನ್ಸ್‌ಪೆಕ್ಟರ್ ಒಂದೊಂದು ಡ್ರಮ್ಮಿಗೂ ಬಗ್ಗಿ ನೋಡಿದರು. ಏಳನೆಯದಾದ ಮೇಲೆ ಕರವಸ್ತ್ರ ಜೇಬಿಗೆ ಹೋಯಿತು.

ಪೆಟ್ಟಿಗೆಯವರ ಹೊಟ್ಟು ಮುಗಿದಿದೆ. ಬಣ್ಣ, ಪ್ಲೈವುಡ್ ಸೇರದ್ದು ಎರಡು ಚೀಲ ಕಟ್ಟಿಡಿ, ಒಯ್ಯಲು ನಾನೇ ಊರಿಗೆ ಬರುತ್ತೇನೆ. ಸ್ಟೇಷನ್ನಿಗೆ ಅಂಗಿ ಬದಲಿಸದೆ, ಕೊಡವದೆ, ಕೆಲಸದಿಂದ ನೇರ ಬನ್ನಿ. ಈ ಸಲ ಎಲ್ಲರೆದುರು ನಾನೇ ಓಡಿ ಬರುತ್ತೇನೆ.

ನಿಮ್ಮ ಉಳಿ ಹರಿತವಾಗಿರಲಿ, ಕೈ ಗಾಯವಾಗದಿರಲಿ.

ನಿಮ್ಮ ಪುಟ್ಟಿ

ನಾನು ಬಂದಿಳಿಯುವುದು ಶನಿವಾರ, ಸಂಜೆ ಏಳೂವರೆಯ ಪ್ಯಾಸೆಂಜರ್ ರೈಲಿಗೆ.